ಹಳೇ ಮ್ಯಾನ್ಯುಯಲ್ ಲೆನ್ಸ್, ಹೊಸ ಕ್ಯಾಮೆರಾ: ಆರಿಸುವುದು, ಪರೀಕ್ಷಿಸುವುದು, ಬಳಸುವುದು

ಕೈಯಿಂದಲೇ ಫೋಕಸ್ ಮಾಡುವ ಹಳೇ ಮ್ಯಾನ್ಯುಯಲ್ ಲೆನ್ಸ್ ಬೇಕು ಎನ್ನುವವರು ಮೊದಲು ಕೇಳುವುದು "ಯಾವ ಕಂಪನಿಯದು ಒಳ್ಳೆಯದು?" ಎಂದು. ಆ ಪ್ರಶ್ನೆ ಮೂರನೆಯದಾಗಬೇಕು. ನೀವು ಫೋಟೋ ತೆಗೆಯುವ ವಸ್ತು ಕೈಯಲ್ಲಿ ಫೋಕಸ್ ಮಾಡುವಷ್ಟು ಹೊತ್ತು ನಿಲ್ಲುತ್ತದೆಯೇ ಎಂಬುದು ಮೊದಲನೆಯದು; ಆ ಲೆನ್ಸ್ ನಿಮ್ಮ ಕ್ಯಾಮೆರಾಗೆ ಸರಿಯಾಗಿ ಕೂರುತ್ತದೆಯೇ ಎಂಬುದು ಎರಡನೆಯದು. ಮೂರನೆಯದಕ್ಕೆ ಬಂದಾಗಲೂ ಹೆಸರಿಗಿಂತ ನಿಮ್ಮ ಕೈಗೆ ಬಂದಿರುವ ಆ ಒಂದು ಲೆನ್ಸಿನ ಸ್ಥಿತಿಯೇ ದೊಡ್ಡದು. ನಲವತ್ತು ಐವತ್ತು ವರ್ಷ ಯಾರ್ಯಾರದೋ ಕಪಾಟಿನಲ್ಲಿ ಕಳೆದು ಬಂದ ಗಾಜು ಅದು. ಒಂದೇ ಮಾಡೆಲ್‌ನ ಎರಡು ಲೆನ್ಸ್‌ಗಳಲ್ಲಿ ಒಂದು ಫಳಫಳ ಎನ್ನುತ್ತಿದ್ದರೆ ಇನ್ನೊಂದು ಮಂಜು ಕವಿದ ಕಿಟಕಿಯಂತೆ ಇರಬಹುದು.

ಹಳೇ ಮ್ಯಾನ್ಯುಯಲ್ ಲೆನ್ಸ್, ಹೊಸ ಆಟೋಫೋಕಸ್ ಲೆನ್ಸ್: ಎರಡೂ ಎಲ್ಲಿ ಬೇರೆ

1985ರಲ್ಲಿ ಮಿನೋಲ್ಟಾ 7000 ಬಂದ ಮೇಲೆ ಎಸ್ಎಲ್ಆರ್ (ಒಳಗೆ ಕನ್ನಡಿ ಇರುವ) ಕ್ಯಾಮೆರಾಗಳಲ್ಲಿ ಆಟೋಫೋಕಸ್ ನೆಲೆಯೂರಿತು. 1987ರಲ್ಲಿ ಕ್ಯಾನನ್ ತನ್ನ ಎಫ್‌ಡಿ ಮೌಂಟನ್ನೇ (ಲೆನ್ಸ್ ಕ್ಯಾಮೆರಾಗೆ ಕೂರುವ ಉಂಗುರದ ಮಾದರಿ) ಬಿಟ್ಟು ಇಎಫ್‌ಗೆ ಹೊರಳಿತು. ಅಲ್ಲಿಂದಾಚೆ ಲೆನ್ಸಿನ ಒಳಗಿನ ರಚನೆಯೇ ಬೇರೆಯಾಯಿತು. ಹಳೆಯದರಲ್ಲಿ ಫೋಕಸ್ ರಿಂಗ್ ತಿರುಗಿಸಿದರೆ ಹೆಲಿಕಾಯ್ಡ್ ಎಂಬ ದಪ್ಪ ಥ್ರೆಡ್‌ನ ಮೇಲೆ ಗಾಜುಗಳು ಹಿಂದೆ ಮುಂದೆ ಸರಿಯುತ್ತವೆ. ಹತ್ತಿರದಿಂದ ಇನ್ಫಿನಿಟಿಯವರೆಗೆ (ಅತಿ ದೂರದ ವಸ್ತುವಿನವರೆಗೆ) ಸುಮಾರು ಅರ್ಧ ಸುತ್ತು, ಕೆಲವದರಲ್ಲಿ ಮುಕ್ಕಾಲು ಸುತ್ತು ತಿರುಗಿಸಬೇಕು. ಇಷ್ಟು ಉದ್ದದ ತಿರುವು ಇರುವುದರಿಂದಲೇ ಕೂದಲೆಳೆಯಷ್ಟು ಫೋಕಸ್ ಸರಿಪಡಿಸಲು ಸಾಧ್ಯ. ಆಟೋಫೋಕಸ್ ಲೆನ್ಸಿನಲ್ಲಿ ಮೋಟಾರ್ ಬೇಗ ಓಡಬೇಕು, ಹಾಗಾಗಿ ಒಳಗಿನ ಹಗುರವಾದ ಒಂದೆರಡು ಗಾಜುಗಳು ಮಾತ್ರ ಅಲುಗುತ್ತವೆ, ರಿಂಗಿನ ತಿರುವು ಗಿಡ್ಡ. ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳ ಲೆನ್ಸ್‌ಗಳಲ್ಲಂತೂ ಹೆಚ್ಚಿನವಕ್ಕೆ ರಿಂಗಿಗೂ ಗಾಜಿಗೂ ನೇರ ಸಂಬಂಧವೇ ಇಲ್ಲ. ರಿಂಗ್ ತಿರುಗಿದ್ದನ್ನು ಸೆನ್ಸರ್ ಓದಿ ಮೋಟಾರಿಗೆ ಹೇಳುತ್ತದೆ. ಬೇಗ ತಿರುಗಿಸಿದರೆ ಹೆಚ್ಚು, ನಿಧಾನ ತಿರುಗಿಸಿದರೆ ಕಡಿಮೆ ಸರಿಯುತ್ತದೆ. "ಇಲ್ಲಿಂದ ಇಲ್ಲಿಗೆ" ಎಂದು ಬೆರಳಿಗೆ ನೆನಪಿರುವಂಥದ್ದಲ್ಲ.

ಗಾಜಿನ ಲೆಕ್ಕವೂ ಬೇರೆ. ಕ್ಯಾನನ್‌ನ ಹೊಸ ಎಫ್‌ಡಿ 50 ಎಂಎಂ ಎಫ್/1.4 ಲೆನ್ಸಿನಲ್ಲಿ 7 ಎಲಿಮೆಂಟ್ (ಒಳಗಿನ ಬಿಡಿ ಗಾಜು), ತೂಕ 235 ಗ್ರಾಂ. ಸಿಗ್ಮಾ 2014ರಲ್ಲಿ ತಂದ 50 ಎಂಎಂ ಎಫ್/1.4 ಆರ್ಟ್ ಲೆನ್ಸಿನಲ್ಲಿ 13 ಎಲಿಮೆಂಟ್, ತೂಕ 815 ಗ್ರಾಂ. ಹೆಚ್ಚುವರಿ ಗಾಜು ಸುಮ್ಮನೆ ಬಂದದ್ದಲ್ಲ: ಪೂರ್ತಿ ತೆರೆದ ಅಪರ್ಚರ್‌ನಲ್ಲೂ (ಬೆಳಕು ಒಳಬರುವ ಕಿಂಡಿ; ಎಫ್ ಅಂಕಿ ಚಿಕ್ಕದಾದಷ್ಟೂ ಅದು ದೊಡ್ಡದು) ಮೂಲೆಯವರೆಗೆ ಚೂಪಾದ ಚಿತ್ರ, ಕಡಿಮೆ ನೇರಳೆ ಅಂಚು. ಹಳೆಯದು ಎಫ್/1.4ರಲ್ಲಿ ಮೃದುವಾಗಿರುತ್ತದೆ, ಬೆಳಕಿನ ಸುತ್ತ ತೆಳುವಾದ ಹೊಳಪು ಕಾಣುತ್ತದೆ. ಎಫ್/2.8ಕ್ಕೆ ಬಂದರೆ ಮಧ್ಯಭಾಗ ಬಿಗಿಯಾಗುತ್ತದೆ. ಎಫ್/5.6ರಿಂದ ಎಫ್/8ರಲ್ಲಿ ಒಳ್ಳೆಯ ಸ್ಥಿತಿಯ ಹಳೇ 50 ಎಂಎಂಗೂ ಹೊಸದಕ್ಕೂ ವ್ಯತ್ಯಾಸ ಹುಡುಕಬೇಕಾಗುತ್ತದೆ. ಹಳೇ ಲೆನ್ಸಿನ "ಗುಣ" ಎಂದು ಜನ ಹೊಗಳುವುದರಲ್ಲಿ ಬಹುಪಾಲು ಆ ಕಾಲದ ಎಂಜಿನಿಯರ್‌ಗಳು ಸರಿಪಡಿಸಲಾಗದೆ ಬಿಟ್ಟ ದೋಷ. ಹೀಲಿಯೋಸ್ 44-2 ಎಂಬ ಹಳೇ ಲೆನ್ಸ್ ಕೊಡುವ ಸುಳಿಯಂಥ ಹಿನ್ನೆಲೆಯೂ ಅಂಥದ್ದೇ. ಇಷ್ಟವಾದರೆ ಬಳಸಿ, ಆದರೆ ಅದು ದೋಷವೆಂದು ತಿಳಿದು ಬಳಸಿ.

ಓಡುವ ಮಕ್ಕಳು, ಹಕ್ಕಿ, ಆಟ, ಮದುವೆಮನೆಯ ಗಡಿಬಿಡಿ ಇವೆಲ್ಲ ಆಟೋಫೋಕಸ್‌ಗೇ ಬಿಡಿ. ಕಣ್ಣು ಹುಡುಕಿ ಹಿಂಬಾಲಿಸುವ ಕ್ಯಾಮೆರಾದ ಮುಂದೆ ಕೈ ಗೆಲ್ಲುವುದಿಲ್ಲ. 24 ಎಂಎಂಗಿಂತ ಅಗಲವಾದ ಲೆನ್ಸ್ ಮತ್ತು ಜೂಮ್ ಬೇಕಿದ್ದರೂ ಹೊಸದೇ ಮೇಲು. 1970ರ ದಶಕದ ಜೂಮ್‌ಗಳಲ್ಲಿ ಹೆಚ್ಚಿನವು ಈಗ ಬರೀ ಭಾರ. ಹಳೆಯದು ನಿಜಕ್ಕೂ ಕೆಲಸಕ್ಕೆ ಬರುವುದು 50, 85, 135 ಎಂಎಂಗಳಲ್ಲಿ, ಕುಳಿತು ತೆಗೆಸಿಕೊಳ್ಳುವವರ ಭಾವಚಿತ್ರದಲ್ಲಿ, ಟ್ರೈಪಾಡ್ ಮೇಲಿನ ನಿಸರ್ಗಚಿತ್ರದಲ್ಲಿ, ವಿಡಿಯೋದಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋದಲ್ಲಿ. ಮ್ಯಾಕ್ರೋ ತೆಗೆಯುವಾಗ ಹೊಸ ಲೆನ್ಸಿದ್ದರೂ ಬಹಳಷ್ಟು ಜನ ಆಟೋಫೋಕಸ್ ಆರಿಸಿಯೇ ಇಡುತ್ತಾರೆ.

ಹಂತ 1: ಮೌಂಟ್ ಲೆಕ್ಕ

ಪ್ರತಿ ಮೌಂಟ್‌ಗೂ ಲೋಹದ ಉಂಗುರದಿಂದ ಫಿಲ್ಮ್ ಅಥವಾ ಸೆನ್ಸರ್‌ವರೆಗೆ ನಿಗದಿಯಾದ ಒಂದು ಅಂತರ ಇರುತ್ತದೆ. ಲೆನ್ಸಿನ ಅಂತರ ಕ್ಯಾಮೆರಾದ ಅಂತರಕ್ಕಿಂತ ಹೆಚ್ಚಿದ್ದರೆ ಮಾತ್ರ ನಡುವೆ ಅಡಾಪ್ಟರಿಗೆ (ಎರಡನ್ನೂ ಜೋಡಿಸುವ ಉಂಗುರಕ್ಕೆ) ಜಾಗ. ನೆನಪಿಡಬೇಕಾದ ಅಂಕಿಗಳು ಇವು. ಲೆನ್ಸ್ ಕಡೆ: ನಿಕಾನ್ ಎಫ್ 46.5 ಮಿ.ಮೀ., ಒಲಿಂಪಸ್ ಓಎಂ 46, ಎಂ42 ತಿರುಪು ಮೌಂಟ್ ಮತ್ತು ಪೆಂಟಾಕ್ಸ್ ಕೆ 45.46, ಮಿನೋಲ್ಟಾ ಎಂಡಿ 43.5, ಕ್ಯಾನನ್ ಎಫ್‌ಡಿ 42. ಕ್ಯಾಮೆರಾ ಕಡೆ: ನಿಕಾನ್ ಝಡ್ 16, ಫ್ಯೂಜಿ ಎಕ್ಸ್ 17.7, ಸೋನಿ ಇ 18, ಕ್ಯಾನನ್ ಆರ್‌ಎಫ್ 20. ಡಿಎಸ್ಎಲ್ಆರ್‌ಗಳಲ್ಲಿ (ಡಿಜಿಟಲ್ ಎಸ್ಎಲ್ಆರ್) ಕ್ಯಾನನ್ ಇಎಫ್ 44.

ಕಳೆದು ನೋಡಿ. ಎಂ42 ಲೆನ್ಸನ್ನು ಸೋನಿಗೆ ಹಾಕಲು 27.46 ಮಿ.ಮೀ. ದಪ್ಪದ ಅಡಾಪ್ಟರ್ ಬೇಕು, ಆರಾಮಾಗಿ ಆಗುತ್ತದೆ. ಅದೇ ಎಂ42 ಕ್ಯಾನನ್ ಇಎಫ್‌ಗೆ 1.46 ಮಿ.ಮೀ. ಉಂಗುರದಲ್ಲಿ ಕೂರುತ್ತದೆ, ಆದರೆ ಫುಲ್‌ಫ್ರೇಮ್ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್‌ನ) ಡಿಎಸ್ಎಲ್ಆರ್‌ನಲ್ಲಿ ಕೆಲವು ಲೆನ್ಸ್‌ಗಳ ಹಿಂಭಾಗ ಕನ್ನಡಿಗೆ ತಾಗುತ್ತದೆ. ನಿಕಾನ್ ಡಿಎಸ್ಎಲ್ಆರ್‌ಗೆ ಎಂ42 ಹಾಕಿದರೆ ಲೆಕ್ಕ ಮೈನಸ್‌ಗೆ ಹೋಗುತ್ತದೆ, ಹಾಗಾಗಿ ದೂರದ್ದು ಫೋಕಸ್ ಆಗುವುದೇ ಇಲ್ಲ. ಅದನ್ನು ಸರಿಪಡಿಸಲು ಅಡಾಪ್ಟರ್ ಒಳಗೆ ಒಂದು ಗಾಜು ಇಟ್ಟು ಮಾರುತ್ತಾರೆ. ಆ ಅಗ್ಗದ ಗಾಜು ಒಳ್ಳೆಯ ಲೆನ್ಸನ್ನೂ ಕೆಡಿಸುತ್ತದೆ, ಬೇಡ. ಎಫ್‌ಡಿ ಮತ್ತು ಎಂಡಿ ಲೆನ್ಸ್‌ಗಳು ಡಿಎಸ್ಎಲ್ಆರ್‌ಗಳಿಗೆ ಹೊಂದದೆ ಬಹಳ ವರ್ಷ ಮೂಲೆ ಸೇರಿದ್ದೂ ಇದೇ ಕಾರಣಕ್ಕೆ. ಮಿರರ್‌ಲೆಸ್ ಬಂದ ಮೇಲೆ ಅವಕ್ಕೆ ಮತ್ತೆ ಜೀವ ಬಂತು.

ನಿಕಾನ್‌ನಲ್ಲಿ ಇನ್ನೊಂದು ಎಚ್ಚರ. 1977ರಲ್ಲಿ ಎಐ ಎಂಬ, ಅಪರ್ಚರ್ ಅಂಕಿಯನ್ನು ಕ್ಯಾಮೆರಾಗೆ ತಿಳಿಸುವ ಪದ್ಧತಿ ಬರುವ ಮುಂಚಿನ ಲೆನ್ಸ್‌ಗಳನ್ನು ಹಲವು ಡಿಎಸ್ಎಲ್ಆರ್‌ಗಳಿಗೆ ಒತ್ತಿ ಕೂರಿಸಿದರೆ ಮೌಂಟ್ ಅಂಚಿನ ಪುಟ್ಟ ಕಡ್ಡಿ ಮುರಿಯುತ್ತದೆ. ಝಡ್ ಮೌಂಟ್‌ಗೆ ಸಾದಾ ಅಡಾಪ್ಟರ್ ಬಳಸಿದರೆ ಈ ತೊಂದರೆ ಇಲ್ಲ.

ಹಂತ 2: ಕೈಯಲ್ಲಿ ಹಿಡಿದು ಪರೀಕ್ಷೆ

ಬೇಕಾಗುವುದು ಮೊಬೈಲ್ ಟಾರ್ಚ್ ಮತ್ತು ಹತ್ತು ನಿಮಿಷ. ಈ ಹತ್ತು ನಿಮಿಷ ಉಳಿಸಲು ಹೋಗಬೇಡಿ.

ಎರಡೂ ಕಡೆಯ ಮುಚ್ಚಳ ತೆಗೆದು ಅಪರ್ಚರ್ ಪೂರ್ತಿ ತೆರೆಯಿರಿ. ಟಾರ್ಚನ್ನು ಹಿಂದಿನ ಗಾಜಿನ ಹಿಂದೆ ಓರೆಯಾಗಿ ಹಿಡಿದು ಮುಂದಿನಿಂದ ನೋಡಿ. ನೇರವಾಗಿ ಹಿಡಿದರೆ ಬೆಳಕೇ ಎಲ್ಲವನ್ನೂ ಮುಚ್ಚುತ್ತದೆ. ಆಮೇಲೆ ತಿರುಗಿಸಿ ಇನ್ನೊಂದು ಬದಿಯಿಂದಲೂ ನೋಡಿ. ಕಾಣುವುದನ್ನು ಹೀಗೆ ಗುರುತಿಸಿ:

ಚುಕ್ಕೆ ಚುಕ್ಕೆ ಧೂಳು: ತಲೆ ಕೆಡಿಸಿಕೊಳ್ಳಬೇಡಿ, ಚಿತ್ರದಲ್ಲಿ ಕಾಣುವುದಿಲ್ಲ.

ಕವಲೊಡೆದ ಸಣ್ಣ ಎಳೆಗಳು: ಫಂಗಸ್. ಅಂಚಿನಲ್ಲಿ ಒಂದೆರಡು ಎಳೆ ಇದ್ದರೆ ಬಿಚ್ಚಿ ಒರೆಸಿ ಉಳಿಸಿಕೊಳ್ಳಬಹುದು. ನಡುವಿನಲ್ಲಿ ಹರಡಿದ್ದರೆ ಗಾಜಿನ ಮೇಲಿನ ಕೋಟಿಂಗ್ (ಪ್ರತಿಫಲನ ತಡೆಯುವ ಲೇಪ) ತಿಂದಿರುತ್ತದೆ. ಒರೆಸಿದ ಮೇಲೂ ಗುರುತು ಉಳಿಯುತ್ತದೆ.

ಇಡೀ ಗಾಜಿನ ಮೇಲೆ ಸಮನಾದ ಬೂದು ಮಸುಕು: ಗ್ರೀಸಿನ ಎಣ್ಣೆ ಆವಿಯಾಗಿ ಕೂತದ್ದು. ಎಲ್ಲಕ್ಕಿಂತ ಸುಲಭವಾಗಿ ಕಣ್ತಪ್ಪುವ ದೋಷ ಇದೇ, ಚಿತ್ರದ ಕಾಂಟ್ರಾಸ್ಟ್ ಕೊಲ್ಲುವುದೂ ಇದೇ. ಗೀರು ಕಂಡರೆ ಹೆದರುವವರು ಇದನ್ನು ನೋಡದೆ ಕೊಳ್ಳುತ್ತಾರೆ. ವಾಸ್ತವದಲ್ಲಿ ಮುಂದಿನ ಗಾಜಿನ ಒಂದು ಗೀರಿನಿಂದ ಹೆಚ್ಚೇನೂ ಆಗುವುದಿಲ್ಲ. ಹಿಂದಿನ ಗಾಜಿನದ್ದು ಮಾತ್ರ ಗಂಭೀರ.

ಅಂಚಿನಿಂದ ಒಳಗೆ ಹಬ್ಬಿದ, ಕಾಮನಬಿಲ್ಲಿನ ಬಣ್ಣದ ಕಲೆ: ಅಂಟಿಸಿದ್ದ ಎರಡು ಗಾಜುಗಳು ಬಿಟ್ಟುಕೊಳ್ಳುತ್ತಿವೆ. ರಿಪೇರಿಗೆ ಕೈ ಹಾಕುವಂಥದ್ದಲ್ಲ, ಲೆನ್ಸ್ ಹಿಂದಿರುಗಿಸಿ.

ಹಳದಿ ಛಾಯೆ: ಬಿಳಿ ಕಾಗದದ ಮೇಲಿಟ್ಟು ನೋಡಿ. ಪೆಂಟಾಕ್ಸ್‌ನ 7 ಎಲಿಮೆಂಟ್ ಸೂಪರ್ ಟಾಕುಮಾರ್ 50 ಎಂಎಂ ಎಫ್/1.4ರಂಥ ಕೆಲವು ಲೆನ್ಸ್‌ಗಳಲ್ಲಿ ಥೋರಿಯಂ ಬೆರೆಸಿದ ಗಾಜು ಇದೆ. ಅದರ ವಿಕಿರಣವೇ ಗಾಜನ್ನು ನಿಧಾನಕ್ಕೆ ಹಳದಿ ಮಾಡುತ್ತದೆ. ಕ್ಯಾಮೆರಾಗೆ ಹಾಕಿ ಬಳಸಲು ಭಯವಿಲ್ಲ. ಗಾಜನ್ನು ಉಜ್ಜುವುದು, ಒಡೆಯುವುದು, ಕಣ್ಣಿಗೆ ಒತ್ತಿ ನೋಡುವ ಐಪೀಸ್ ಮಾಡುವುದು ಮಾತ್ರ ಬೇಡ. ಹಳದಿ ಹೋಗಲು ಅಲ್ಟ್ರಾವೈಲೆಟ್ ಎಲ್ಇಡಿ ದೀಪದ ಕೆಳಗೆ, ಇನ್ನೊಂದು ಬದಿಗೆ ಅಲ್ಯುಮಿನಿಯಂ ಫಾಯಿಲ್ ಇಟ್ಟು, ಕೆಲವು ದಿನ ಬಿಡಿ. ಬಿಸಿಲಲ್ಲಿ ಇಡುವವರೂ ಇದ್ದಾರೆ, ಆದರೆ ಬಿಸಿಲಿಗೊಡ್ಡಿದ ಲೆನ್ಸ್ ಬೆಂಕಿ ಹಚ್ಚಬಲ್ಲದು ಎಂಬುದು ಮರೆಯಬಾರದು.

ಇನ್ನು ಯಾಂತ್ರಿಕ ಭಾಗ. ಅಪರ್ಚರ್ ರಿಂಗನ್ನು ಎಫ್/16ಕ್ಕೆ ಇಟ್ಟು ಹಿಂದಿನ ಪಿನ್ ಅಥವಾ ಲಿವರ್ ಒತ್ತಿ ಬಿಡಿ. ಬ್ಲೇಡ್‌ಗಳು ತಟ್ಟನೆ ಚಲಿಸಬೇಕು. ಸೋಮಾರಿಯಾಗಿ ಸರಿದರೆ, ಬ್ಲೇಡಿನ ಮೇಲೆ ಜಿಡ್ಡಿನ ಹೊಳಪು ಕಂಡರೆ, ಎಣ್ಣೆ ಇಳಿದಿದೆ. ನಿಕಾನ್ 55 ಎಂಎಂ ಎಫ್/2.8 ಮೈಕ್ರೋ ಈ ಕಾಯಿಲೆಗೆ ಹೆಸರುವಾಸಿ. ಅಡಾಪ್ಟರ್ ಮೇಲೆ ಬಳಸುವಾಗ ಬ್ಲೇಡ್ ನಿಧಾನವಾದರೂ ಚಿತ್ರ ಕೆಡುವುದಿಲ್ಲ, ಏಕೆಂದರೆ ಕ್ಲಿಕ್ ಮಾಡುವ ಮೊದಲೇ ಅವು ಮುಚ್ಚಿರುತ್ತವೆ. ಆದರೆ ಅದೇ ಎಣ್ಣೆ ನಾಳೆ ಗಾಜಿನ ಮೇಲೆ ಮಸುಕಾಗಿ ಕೂರುತ್ತದೆ.

ಫೋಕಸ್ ರಿಂಗ್ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಒಂದೇ ಸಮನಾದ ಬಿಗಿ ಇರಬೇಕು. ಮರಳು ಸಿಕ್ಕಂತೆ ಕರಕರ ಎಂದರೆ ಬೇಡ. ಗಟ್ಟಿಯಾಗಿದ್ದರೆ ಗ್ರೀಸ್ ಒಣಗಿದೆ. ಸಂದಿಯಲ್ಲಿ ಎಣ್ಣೆ ಬಿಡುವುದು, ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು ಲೆನ್ಸನ್ನು ಕೊಲ್ಲುವ ಖಾತ್ರಿ ದಾರಿ. ಎರಡೇ ವಾರದಲ್ಲಿ ಅದು ಬ್ಲೇಡಿಗೆ ಹರಿದಿರುತ್ತದೆ. ಹೆಲಿಕಾಯ್ಡ್ ಬಿಚ್ಚಿ, ತೊಳೆದು, ಹೊಸ ಗ್ರೀಸ್ ಹಾಕುವುದೇ ಪರಿಹಾರ. ನೀವೇ ಬಿಚ್ಚುವುದಾದರೆ ಎರಡು ಮಾತು. ಜಪಾನಿ ಲೆನ್ಸ್‌ಗಳ ತಿರುಪು ಜೆಐಎಸ್ ಎಂಬ ಜಪಾನಿ ಮಾನದಂಡದ್ದು, ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಅದರ ತಲೆಯನ್ನು ಸವೆಸಿಬಿಡುತ್ತದೆ. ಮತ್ತು ಹೆಲಿಕಾಯ್ಡ್ ಬೇರ್ಪಡುವ ಕ್ಷಣದಲ್ಲೇ ಎರಡೂ ಭಾಗಕ್ಕೆ ಎದುರುಬದುರು ಗೀರು ಹಾಕಿಕೊಳ್ಳಿ: ಅದರ ಥ್ರೆಡ್‌ಗೆ ಹಲವು ಬಾಯಿಗಳಿರುತ್ತವೆ, ತಪ್ಪು ಬಾಯಲ್ಲಿ ಕೂರಿಸಿದರೆ ಲೆನ್ಸ್ ಇನ್ಫಿನಿಟಿ ಮುಟ್ಟುವುದಿಲ್ಲ.

ಹಂತ 3: ಅಡಾಪ್ಟರ್ ಕೂರಿಸಿ ಇನ್ಫಿನಿಟಿ ನೋಡುವುದು

ಅಡಾಪ್ಟರ್ ತೀರಾ ದಪ್ಪವಾದರೆ ದೂರದ್ದು ಎಂದೂ ಚೂಪಾಗದು. ತೆಳುವಾದರೆ ರಿಂಗ್ ಇನ್ಫಿನಿಟಿ ದಾಟಿ ಆಚೆ ಹೋಗುತ್ತದೆ. ತಯಾರಕರು ಸಾಮಾನ್ಯವಾಗಿ ತೆಳುವಿನ ಕಡೆಗೇ ತಪ್ಪುತ್ತಾರೆ, ಅದು ಜಾಣತನವೇ. ಒಂದು ಕಿಲೋಮೀಟರ್‌ಗೂ ಆಚೆಯ ಗೋಪುರವನ್ನೋ ಬೆಟ್ಟದ ಅಂಚನ್ನೋ ಹಿಡಿದು, ಪರದೆ ಹಿಗ್ಗಿಸಿ ಫೋಕಸ್ ಮಾಡಿ, ರಿಂಗ್ ಎಲ್ಲಿ ನಿಂತಿದೆ ನೋಡಿ. ಇನ್ಫಿನಿಟಿ ಗುರುತಿಗೆ ಸ್ವಲ್ಪ ಮೊದಲೇ ಚೂಪಾದರೆ ಪರವಾಗಿಲ್ಲ. ದೂರದ ಫೋಟೋ ತೆಗೆಯುವಾಗ ರಿಂಗನ್ನು ತುದಿಗೆ ತಿರುಗಿಸಿ ನಂಬದಿದ್ದರಾಯಿತು. ಬಹಳ ಮೊದಲೇ ಚೂಪಾದರೆ ದೂರದ ಅಂಕಿಗಳೆಲ್ಲ ಸುಳ್ಳಾಗುತ್ತವೆ, ಅಡಾಪ್ಟರ್ ಬದಲಿಸಿ.

ಅದೇ ದೃಶ್ಯವನ್ನು ಎಫ್/4ರಲ್ಲಿ ತೆಗೆದು ಎಡ ಬಲ ಅಂಚು ಹೋಲಿಸಿ. ಒಂದು ಪಕ್ಕ ಮಾತ್ರ ಮಸುಕಾದರೆ, ಅದೇ ಅಡಾಪ್ಟರಿಗೆ ಇನ್ನೊಂದು ಲೆನ್ಸ್ ಹಾಕಿ ನೋಡಿ. ಅದರಲ್ಲೂ ಅದೇ ಪಕ್ಕ ಕೆಟ್ಟರೆ ಅಡಾಪ್ಟರ್ ವಾಲಿದೆ. ಇಲ್ಲದಿದ್ದರೆ ಲೆನ್ಸಿನ ಗಾಜೇ ನಡುತಪ್ಪಿದೆ.

ಮೌಂಟ್‌ಗೆ ತಕ್ಕಂತೆ ಸಣ್ಣ ಸಣ್ಣ ಕಿರಿಕಿರಿಗಳಿವೆ. ಎಂ42ನಲ್ಲಿ ಬಿಗಿ ಮಾಡಿದಾಗ ಅಂಕಿಗಳು ಮೇಲೆ ಬರದೆ ಪಕ್ಕಕ್ಕೆ ನಿಂತರೆ, ಅಡಾಪ್ಟರ್ ಬದಿಯ ಮೂರು ಪುಟ್ಟ ತಿರುಪು ಸಡಿಲಿಸಿ ಒಳ ಉಂಗುರ ತಿರುಗಿಸಿ. ಲೆನ್ಸಿಗೆ ಎ/ಎಂ ಸ್ವಿಚ್ ಇದ್ದರೆ ಎಂಗೆ ಇಡಿ. ಇಲ್ಲದಿದ್ದರೆ ರಿಂಗ್ ಎಷ್ಟು ತಿರುಗಿಸಿದರೂ ಅಪರ್ಚರ್ ತೆರೆದೇ ಇರಬಹುದು. ಸ್ವಿಚ್ ಇಲ್ಲದ ಲೆನ್ಸಿಗೆ ಪಿನ್ ಒತ್ತುವ ಒಳ ಅಂಚಿರುವ ಅಡಾಪ್ಟರ್ ಕೇಳಿ ಪಡೆಯಿರಿ. ಎಫ್‌ಡಿ ಅಡಾಪ್ಟರಿನಲ್ಲಿ ಓಪನ್, ಲಾಕ್ ಎಂದು ಬರೆದ ಉಂಗುರ ಇರುತ್ತದೆ: ಓಪನ್‌ನಲ್ಲಿಟ್ಟು ಲೆನ್ಸ್ ಕೂರಿಸಿ, ಆಮೇಲೆ ಲಾಕ್‌ಗೆ ತಿರುಗಿಸಿ. "ಎಫ್/8ರಲ್ಲಿಟ್ಟರೂ ಹಿನ್ನೆಲೆ ಮಸುಕಾಗೇ ಇದೆ" ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಈ ಮರೆತ ಉಂಗುರ.

ಹಂತ 4: ಕ್ಯಾಮೆರಾ ಸೆಟ್ಟಿಂಗ್

ಹಳೇ ಲೆನ್ಸನ್ನು ಕ್ಯಾಮೆರಾ ಗುರುತಿಸುವುದಿಲ್ಲ. ಹಾಗಾಗಿ ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆಯನ್ನು ಮೆನುವಿನಲ್ಲಿ ಆನ್ ಮಾಡಿ, ಇಲ್ಲದಿದ್ದರೆ ಕ್ಯಾಮೆರಾ ಕ್ಲಿಕ್ಕೇ ಆಗದಿರಬಹುದು. ಅಪರ್ಚರ್ ಪ್ರಯಾರಿಟಿ ಮೋಡ್ (ಅಪರ್ಚರ್ ನಿಮ್ಮದು, ಶಟರ್ ವೇಗ ಕ್ಯಾಮೆರಾದ್ದು) ಎಂದಿನಂತೆ ಕೆಲಸ ಮಾಡುತ್ತದೆ. ಕ್ಯಾಮೆರಾ ಬಾಡಿಯಲ್ಲಿ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇದ್ದರೆ ಫೋಕಲ್ ಲೆಂತ್ (ಲೆನ್ಸಿನ ಎಂಎಂ ಅಂಕಿ) ಕೈಯಾರೆ ಹಾಕಿ, ಲೆನ್ಸ್ ಬದಲಿಸಿದಾಗಲೆಲ್ಲ ಅದನ್ನೂ ಬದಲಿಸಿ. 135 ಎಂಎಂಗೆ ಹಾಕಿದ ಅಂಕಿಯನ್ನು 50 ಎಂಎಂಗೆ ಹಾಗೇ ಬಿಟ್ಟರೆ ಕ್ಯಾಮೆರಾ ಬೇಕಾದ್ದಕ್ಕಿಂತ ಹೆಚ್ಚು ಅಲುಗಿಸಿ, ಕೈ ನಡುಗದಿದ್ದರೂ ಚಿತ್ರ ಕದಡುತ್ತದೆ. ಸ್ಟೆಬಿಲೈಸೇಶನ್ ಇಲ್ಲದಿದ್ದರೆ 50 ಎಂಎಂಗೆ 1/125, 135 ಎಂಎಂಗೆ 1/250 ಸೆಕೆಂಡಿಗಿಂತ ನಿಧಾನದ ಶಟರ್ ವೇಗಕ್ಕೆ ಇಳಿಯಬೇಡಿ.

ಹಂತ 5: ಫೋಕಸ್

ಮೊದಲು ಅಳತೆ ತಿಳಿದಿರಲಿ. ಫುಲ್‌ಫ್ರೇಮ್‌ನಲ್ಲಿ 50 ಎಂಎಂ ಲೆನ್ಸ್, ಎಫ್/1.4, ಒಂದು ಮೀಟರ್ ದೂರ: ಚೂಪಾಗಿ ಕಾಣುವ ಆಳ ಒಟ್ಟು ಸುಮಾರು 3.3 ಸೆಂ.ಮೀ. ಅಂದರೆ ಮುಂದೆ ಒಂದೂವರೆ, ಹಿಂದೆ ಒಂದೂವರೆ ಸೆಂ.ಮೀ. ನಿಂತವರು ಉಸಿರಾಡುವಾಗ ಆಗುವ ಓಲಾಟವೇ ಇಷ್ಟಿರುತ್ತದೆ. ಎಫ್/2.8ಕ್ಕೆ ಹೋದರೆ ಆಳ ದುಪ್ಪಟ್ಟಾಗುತ್ತದೆ, ಚಿತ್ರವೂ ಬಿಗಿಯಾಗುತ್ತದೆ. ಹೊಸಬರು ಮೊದಲ ತಿಂಗಳು ಎಫ್/2.8ರಲ್ಲೇ ಇರುವುದು ಒಳ್ಳೆಯದು.

ಫೋಕಸ್ ಆದ ಜಾಗ ಎಂದು ಪರದೆ ತೋರಿಸುವ, ಪೀಕಿಂಗ್ ಎಂಬ ಬಣ್ಣದ ಅಂಚು ಬರೀ ಕಾಂಟ್ರಾಸ್ಟ್ ಹುಡುಕುತ್ತದೆ, ಫೋಕಸ್ ಅಲ್ಲ. ಮೃದುವಾದ ಹಳೇ ಲೆನ್ಸ್ ಪೂರ್ತಿ ತೆರೆದಾಗ ಅದು ಕಣ್ಣು, ಹುಬ್ಬು, ಕಿವಿ ಎಲ್ಲಕ್ಕೂ ಬಣ್ಣ ಬಳಿಯುತ್ತದೆ. ಅದನ್ನು ದಾರಿ ತೋರಿಸಲು ಮಾತ್ರ ಇಟ್ಟುಕೊಳ್ಳಿ. ಮಟ್ಟ ಕನಿಷ್ಠಕ್ಕೆ, ಬಣ್ಣ ಕೆಂಪಿಗೆ. ಕ್ಯಾಮೆರಾದ ಚಿತ್ರಶೈಲಿಯನ್ನು ಕಪ್ಪುಬಿಳುಪಿಗೆ ಹಾಕಿದರೆ ಕೆಂಪು ಎದ್ದು ಕಾಣುತ್ತದೆ, ರಾ ಫೈಲಿನಲ್ಲಿ (ಸೆನ್ಸರ್ ಕೊಟ್ಟ ಕಚ್ಚಾ ದತ್ತಾಂಶ) ಬಣ್ಣ ಹಾಗೇ ಉಳಿದಿರುತ್ತದೆ. ಕೊನೆಯ ತೀರ್ಮಾನ ಹಿಗ್ಗಿಸಿದ ನೋಟದಲ್ಲಿ. ಕ್ರಮ ಹೀಗಿರಲಿ: ಚೌಕಟ್ಟು ಕಟ್ಟಿ, ಹಿಗ್ಗಿಸುವ ಪೆಟ್ಟಿಗೆಯನ್ನು ಹತ್ತಿರದ ಕಣ್ಣಿನ ಮೇಲೆ ತನ್ನಿ, 5 ಪಟ್ಟು ಹಿಗ್ಗಿಸಿ, ರೆಪ್ಪೆಗೂದಲು ಚೂಪಾಗಿ ಕಾಣುವವರೆಗೆ ತಿರುಗಿಸಿ, ಸ್ವಲ್ಪ ದಾಟಿಸಿ, ಹಿಂದಕ್ಕೆ ಬನ್ನಿ, ಸತತ ಮೂರು ಕ್ಲಿಕ್ ಒತ್ತಿ.

ನಡುವಿನಲ್ಲಿ ಫೋಕಸ್ ಮಾಡಿ ಆಮೇಲೆ ಕ್ಯಾಮೆರಾ ತಿರುಗಿಸುವ ಹಳೇ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಒಂದು ಮೀಟರ್ ದೂರದಲ್ಲಿ 20 ಡಿಗ್ರಿ ತಿರುಗಿಸಿದರೆ ಫೋಕಸ್ ತಲ ಕಣ್ಣಿನಿಂದ ಸುಮಾರು 6 ಸೆಂ.ಮೀ. ಹಿಂದಕ್ಕೆ ಸರಿಯುತ್ತದೆ. ಮೇಲಿನ ಒಂದೂವರೆ ಸೆಂ.ಮೀ. ಜೊತೆ ಹೋಲಿಸಿ ನೋಡಿ, ಕಿವಿ ಯಾಕೆ ಚೂಪಾಗಿ ಬಂತು ಎಂಬುದು ಗೊತ್ತಾಗುತ್ತದೆ.

ಎಫ್/1.4ರಲ್ಲಿ ಫೋಕಸ್ ಮಾಡಿ ಎಫ್/2.8ಕ್ಕೆ ಮುಚ್ಚಿದರೆ ಇಂಥ ದೊಡ್ಡ ಅಪರ್ಚರಿನ ಹಳೇ ಲೆನ್ಸ್‌ಗಳಲ್ಲಿ ಫೋಕಸ್ ಸ್ಥಾನವೇ ಸ್ವಲ್ಪ ಜರುಗುವುದುಂಟು. ಆದ್ದರಿಂದ ತೆಗೆಯುವ ಅಪರ್ಚರ್‌ನಲ್ಲೇ ಫೋಕಸ್ ಮಾಡಿ. ಡಿಎಸ್ಎಲ್ಆರ್ ಬಳಸುವವರು ವ್ಯೂಫೈಂಡರ್ ನಂಬದೆ ಲೈವ್ ವ್ಯೂನಲ್ಲಿ ಹಿಗ್ಗಿಸಿ ನೋಡಬೇಕು. ಅವುಗಳ ಹೊಳಪಿನ ಪರದೆ ಸುಮಾರು ಎಫ್/2.8ರಷ್ಟು ಆಳವನ್ನು ತೋರಿಸುತ್ತದೆ, ಎಫ್/1.4ರ ತೆಳುವನ್ನು ತೋರಿಸುವುದಿಲ್ಲ.

ಬೀದಿಯಲ್ಲಿ ತೆಗೆಯುವಾಗ ಫೋಕಸ್ ಮಾಡದಿರುವುದೇ ವೇಗ. 28 ಎಂಎಂ, ಎಫ್/8, ರಿಂಗನ್ನು 3.3 ಮೀಟರ್‌ಗೆ ಇಟ್ಟರೆ ಸುಮಾರು 1.6 ಮೀಟರ್‌ನಿಂದ ಇನ್ಫಿನಿಟಿವರೆಗೆ ಚೂಪು. ಲೆನ್ಸ್ ಮೇಲಿನ ಆಳದ ಗೆರೆಗಳೂ ಇದನ್ನೇ ಹೇಳುತ್ತವೆ, ಆದರೆ ಅವು ಫಿಲ್ಮಿನಿಂದ ಮಾಡಿದ ಸಾಧಾರಣ ಅಳತೆಯ ಪ್ರಿಂಟ್ ಲೆಕ್ಕಕ್ಕೆ ಕೆತ್ತಿದವು. 24 ಮೆಗಾಪಿಕ್ಸೆಲ್ ಚಿತ್ರವನ್ನು ಹಿಗ್ಗಿಸಿ ನೋಡುವವರು ಎಫ್/8ರಲ್ಲಿ ತೆಗೆದು ಎಫ್/5.6ರ ಗೆರೆ ಓದಬೇಕು.

ಹಂತ 6: ಹಳತು ಹೊಸತು ಎದುರುಬದುರು

ಒಂದೇ ಫೋಕಲ್ ಲೆಂತ್‌ನ ಎರಡು ಲೆನ್ಸ್ ಹೋಲಿಸುವಾಗ ಗೋಡೆಗೆ ನಾಲ್ಕು ಹಾಳೆ ದಿನಪತ್ರಿಕೆ ಅಂಟಿಸಿ, 50 ಎಂಎಂಗೆ 2ರಿಂದ 2.5 ಮೀಟರ್ ದೂರದಲ್ಲಿ ಟ್ರೈಪಾಡ್ ಇಡಿ. ಕನಿಷ್ಠ ಐಎಸ್ಒ, ರಾ, 2 ಸೆಕೆಂಡ್ ಟೈಮರ್. ಪ್ರತಿ ಅಪರ್ಚರ್‌ಗೂ ಹೊಸದಾಗಿ ಫೋಕಸ್ ಮಾಡಿ. ಮೂಲೆ ನೋಡಬೇಕಾದಾಗ ಮೂಲೆಗೇ ಫೋಕಸ್ ಮಾಡಿ ಇನ್ನೊಂದು ಚಿತ್ರ ತೆಗೆಯಿರಿ. ಹಳೆಯವುಗಳ ಫೋಕಸ್ ತಲ ಬಾಗಿರುತ್ತದೆ, ಮೂಲೆ ಮಸುಕಾಗಿರುವುದು ಗಾಜಿನ ದೋಷವಲ್ಲದೆ ಬಾಗಿನಿಂದಲೂ ಇರಬಹುದು. ಹೊಸ ಲೆನ್ಸಿನ ರಾ ಫೈಲನ್ನು ತಂತ್ರಾಂಶದ ಪ್ರೊಫೈಲ್ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿ. ಗೋಡೆಯ ನೇರ ಗೆರೆಗಳಲ್ಲಿ ಎಷ್ಟನ್ನು ಗಾಜು ಕೊಟ್ಟಿತು, ಎಷ್ಟನ್ನು ತಂತ್ರಾಂಶ ಕೊಟ್ಟಿತು ಎಂಬುದು ಬಯಲಾಗುತ್ತದೆ.

ಆಮೇಲೆ ಎರಡೂ ಲೆನ್ಸ್‌ಗಳಲ್ಲಿ ಬೆಳಕಿನ ಕಿಟಕಿಗೆ ಎದುರಾಗಿ ಚಿತ್ರ ತೆಗೆಯಿರಿ. ಹಳೇ ಕೋಟಿಂಗ್ ಇಲ್ಲಿ ಸೋಲುತ್ತದೆ: ಚಿತ್ರದ ಮೇಲೆ ಹಾಲಿನಂಥ ಪರದೆ. ತಿರುಪಿನ ಲೋಹದ ಹುಡ್ ಹಾಕಿದರೆ ಅರ್ಧ ಕಡಿಮೆಯಾಗುತ್ತದೆ. ಅಡಾಪ್ಟರ್ ಒಳಗೋಡೆ ಮಿನುಗುತ್ತಿದ್ದರೆ ಮಂಕು ಕಪ್ಪು ಬಟ್ಟೆಯ ಪಟ್ಟಿ ಅಂಟಿಸಿ. ಇವೆರಡರ ನಂತರವೂ ಚಿತ್ರದ ನಡುವೆ ದುಂಡಗಿನ ಬೆಳ್ಳಗಿನ ಕಲೆ ಉಳಿದರೆ ಅದು ಸೆನ್ಸರ್‌ನಿಂದ ಹಿಂದಿನ ಗಾಜಿಗೆ ಹೋಗಿ ಮರಳಿದ ಬೆಳಕು. ಫಿಲ್ಮ್ ಇಷ್ಟು ಮಿನುಗುತ್ತಿರಲಿಲ್ಲ, ಹಾಗಾಗಿ ಆ ಕಾಲದವರು ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅಪರ್ಚರ್ ಎರಡು ಹಂತ ತೆರೆದರೆ ಕಲೆ ಹರಡಿ ಮಾಸುತ್ತದೆ.

ಎತ್ತಿಡುವಾಗ ಚರ್ಮದ ಹಳೇ ಕೇಸಿನಲ್ಲಿ ಹಾಕಬೇಡಿ, ಅದು ತೇವ ಹೀರಿಟ್ಟುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ತೇವಮಾಪಕ. ಮುಳ್ಳು 40ರಿಂದ 50 ಶೇಕಡದ ನಡುವೆ ಇರಲಿ. ಫಂಗಸ್ ಬೀಜ ಗಾಳಿಯಲ್ಲಿ ಎಲ್ಲೆಲ್ಲೂ ಇದೆ, ಮೊಳೆಯಲು ಅದಕ್ಕೆ ಬೇಕಿರುವುದು ತೇವ. ಅಪರ್ಚರ್ ಪೂರ್ತಿ ತೆರೆದಿಡಿ, ತಿಂಗಳಿಗೊಮ್ಮೆ ಹೊರತೆಗೆದು ಎರಡೂ ರಿಂಗ್‌ಗಳನ್ನು ತುದಿಯಿಂದ ತುದಿಗೆ ತಿರುಗಿಸಿ.